ಒಂದು ಕೊಟ್ಟರೆ ಅರ್ಧ ಬರುವ ಲೆಕ್ಕ

ವಿದ್ಯುತ್ಕಾಂತೀಯ ಸಿಮ್ಯುಲೇಶನ್ ಕಲಿಯಲು ಕೂತವರು ಬೇಗನೆ ಒಂದು ಪ್ರಶ್ನೆ ಎತ್ತುತ್ತಾರೆ. "ಸರ್, ಸೋರ್ಸ್‌ಗೆ ಆಂಪ್ಲಿಟ್ಯೂಡ್ 1 ಅಂತ ಕೊಟ್ಟಿದ್ದೀನಿ. ಫೀಲ್ಡ್ ನೋಡಿದ್ರೆ 0.5 ಬರ್ತಿದೆ. ಮಿಕ್ಕಿದ್ದೆಲ್ಲಿ ಹೋಯ್ತು?" ಅದರ ಬೆನ್ನಿಗೇ ಇನ್ನೊಂದು: "ಈ 0.5 ಅಂದ್ರೆ ಮೀಟರಿಗೆ ಎಷ್ಟು ವೋಲ್ಟ್?" ಹಿರಿಯರ ಉತ್ತರ ಸಿದ್ಧವಾಗಿಯೇ ಇರುತ್ತದೆ: "ಅದನ್ನೆಲ್ಲ ತಲೆಗೆ ಹಚ್ಕೋಬೇಡಪ್ಪ, ಸುಮ್ನೆ ನಾರ್ಮಲೈಸ್ ಮಾಡು." ಕೇಳಿದವನು ತೆಪ್ಪಗಾಗುತ್ತಾನೆ. ಅನುಮಾನ ಮಾತ್ರ ಹಾಗೇ ಉಳಿಯುತ್ತದೆ.

ಈ ಇಬ್ಬರ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಮೀಟರಿಗೆ ಇಷ್ಟು ವೋಲ್ಟ್ ಎಂದರೆ ಮಾತ್ರ ನಿಜವಾದ ಉತ್ತರ, ಅನುಪಾತದಲ್ಲಿ ಹೇಳಿದರೆ ಅದು ಅರೆಬರೆ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಷ್ಟೇ ಅಲ್ಲ, ಪ್ರಾಜೆಕ್ಟ್ ವರದಿ ತಪಾಸಣೆಗೆ ಬರುವ ಪರೀಕ್ಷಕರಲ್ಲೂ ಉಂಟು. ನನಗೆ ಕಾಣುವುದು ಇದರ ತಿರುಗುಮುರುಗು. ಬಹುಪಾಲು ಸಿಮ್ಯುಲೇಶನ್‌ಗಳಲ್ಲಿ ಅನುಪಾತವೇ ಪೂರ್ಣ ಉತ್ತರ. ವೋಲ್ಟ್ ಎನ್ನುವುದು ಆಮೇಲೆ ಹೊರಗಿನಿಂದ ತಂದು ಸೇರಿಸಬೇಕಾದದ್ದು, ಆಂಪ್ಲಿಟ್ಯೂಡ್ ಎಂಬ ಖಾನೆಯಲ್ಲಿ ಎಷ್ಟು ತಡಕಿದರೂ ಅದು ಸಿಗದು. ಹಾಗೆಂದು ಹಿರಿಯರ "ತಲೆಗೆ ಹಚ್ಕೋಬೇಡ"ಕ್ಕೂ ನನ್ನ ಸಮ್ಮತಿಯಿಲ್ಲ. ಆ 0.5 ಎಲ್ಲಿಂದ ಬಂತು ಎನ್ನುವುದಕ್ಕೆ ಖಚಿತವಾದ ಕಾರಣವಿದೆ. ಅದನ್ನು ಹೇಳದೆ ದಾಟಿಸಿಬಿಟ್ಟರೆ ಮುಂದೆ ನಿಜಕ್ಕೂ ವೋಲ್ಟ್ ಬೇಕಾದ ಕಡೆ ಆ ಹುಡುಗ ಎಡವುತ್ತಾನೆ.

ಮೊದಲು ಈ ಲೆಕ್ಕಾಚಾರ ನಡೆಯುವ ಬಗೆ ನೋಡೋಣ. 1966ರಲ್ಲಿ ಕೇನ್ ಯೀ ಎಂಬ ಗಣಿತಜ್ಞ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಕಂಪ್ಯೂಟರಿಗೆ ಉಣಿಸುವ ಒಂದು ಜಾಣ ದಾರಿ ತೋರಿಸಿದ. ಜಾಗವನ್ನು ಸಣ್ಣ ಸಣ್ಣ ಮನೆಗಳಾಗಿ ಕತ್ತರಿಸಬೇಕು. ವಿದ್ಯುತ್ ಕ್ಷೇತ್ರವನ್ನು ಒಂದು ಕಡೆ, ಕಾಂತಕ್ಷೇತ್ರವನ್ನು ಅದರಿಂದ ಅರ್ಧ ಮನೆ ಆಚೆ ಇಡಬೇಕು. ಕಾಲದಲ್ಲೂ ಅರ್ಧ ಹೆಜ್ಜೆ ಹಿಂದುಮುಂದು. ಒಂದರಿಂದ ಇನ್ನೊಂದನ್ನು ಲೆಕ್ಕಹಾಕುತ್ತ ಮುಂದೆ ಸಾಗಬೇಕು. 1980ರಲ್ಲಿ ಅಲೆನ್ ಟಾಫ್ಲೋವ್ ಇದಕ್ಕೆ ಎಫ್‌ಡಿಟಿಡಿ ಎಂಬ ಹೆಸರಿಟ್ಟರು. ಎಂಐಟಿಯಲ್ಲಿ ಹುಟ್ಟಿದ ಮೀಪ್ ಎಂಬ ಮುಕ್ತ ತಂತ್ರಾಂಶ ನಡೆಯುವುದೂ ಇದೇ ದಾರಿಯಲ್ಲಿ. ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ನಾವು ಕೊಡುವ ಸೋರ್ಸ್ ಸಾಮಾನ್ಯವಾಗಿ ವಿದ್ಯುತ್ ಪ್ರವಾಹ, ಮ್ಯಾಕ್ಸ್‌ವೆಲ್ ಸಮೀಕರಣದ ಬಲಬದಿಯಲ್ಲಿ ಕೂರುವ ಕರೆಂಟು. ಅಲ್ಲಿಗೆ 1 ಎಂದು ಬರೆದರೆ ಕರೆಂಟಿನ ಅಳತೆ 1 ಆಯಿತು. ಕ್ಷೇತ್ರ ಎಷ್ಟಾಗಬೇಕೆಂದು ನಾವು ಹೇಳಲೇ ಇಲ್ಲ.

ಇನ್ನು ಕಾಣೆಯಾದ ಅರ್ಧದ ವಿಚಾರ. ಅತಿ ಸರಳವಾದ ಸಂದರ್ಭ ತೆಗೆದುಕೊಳ್ಳಿ. ಖಾಲಿ ಜಾಗದ ನಡುವೆ ಒಂದು ತೆಳು ಹಾಳೆ, ಅದರಲ್ಲಿ ಮೇಲಕ್ಕೂ ಕೆಳಕ್ಕೂ ಓಲಾಡುವ ಕರೆಂಟು. ಅಲೆ ಎರಡೂ ಬದಿಗೆ ಹೊರಡುತ್ತದೆ. ಎಡಕ್ಕೂ ಬಲಕ್ಕೂ ಯಾವ ಭೇದವೂ ಇಲ್ಲ, ಹಾಗಾಗಿ ಎರಡು ಕಡೆಗೂ ಸಮಪಾಲು. ಹಾಳೆಯನ್ನು ದಾಟುವಾಗ ಕಾಂತಕ್ಷೇತ್ರ ಜಿಗಿಯಬೇಕಾದದ್ದು ಕರೆಂಟಿನಷ್ಟು, ಆ ಜಿಗಿತದಲ್ಲಿ ಅರ್ಧ ಈ ಬದಿಯದು, ಅರ್ಧ ಆ ಬದಿಯದು. ಬೆಳಕಿನ ವೇಗವನ್ನೂ ನಿರ್ವಾತದ ಸ್ಥಿರಾಂಕಗಳನ್ನೂ 1 ಎಂದು ಇಟ್ಟುಕೊಂಡ ತಂತ್ರಾಂಶದಲ್ಲಿ ವಿದ್ಯುತ್ ಕ್ಷೇತ್ರವೂ ಅದೇ 0.5. ಏನೂ ಕಳೆದುಹೋಗಿಲ್ಲ, ಇನ್ನೊಂದು ಅರ್ಧ ಹಿಂಬದಿಗೆ ಹೊರಟಿದೆ. ನಮ್ಮ ರೂಢಿಯ ಅಳತೆಯಲ್ಲಿ ಹೇಳುವುದಾದರೆ ನಿರ್ವಾತದ ತಡೆ ಸುಮಾರು 377 ಓಮ್. ಹಾಳೆಯ ಅಗಲದ ಪ್ರತಿ ಮೀಟರಿಗೆ 1 ಆಂಪಿಯರ್ ಹರಿಸಿದರೆ ಎರಡೂ ಬದಿಯಲ್ಲಿ ಮೀಟರಿಗೆ ಸುಮಾರು 188 ವೋಲ್ಟ್.

ಇಲ್ಲಿಗೆ ಲೆಕ್ಕ ಮುಗಿಯಿತೆಂದು, "1 ಅಂದರೆ 188 ವೋಲ್ಟ್" ಎಂದು ಗೋಡೆಗೆ ಬರೆದು ಅಂಟಿಸಿಕೊಳ್ಳುವವರುಂಟು. ಅವಸರ ಮಾಡಬಾರದು. ಅದೇ ಹಾಳೆಯನ್ನು ಗಾಜಿನೊಳಗೆ ಇಡಿ. ವಕ್ರೀಭವನ ಸೂಚ್ಯಂಕ 1.5 ಆದ್ದರಿಂದ 188 ಇದ್ದದ್ದು 126ಕ್ಕೆ ಇಳಿಯುತ್ತದೆ. ಈಗ ಗಾಜು ತೆಗೆದು, ಹಾಳೆಯ ಹಿಂದೆ ಕಾಲು ತರಂಗಾಂತರದಷ್ಟು ದೂರದಲ್ಲಿ ಒಂದು ಪಕ್ಕಾ ಲೋಹದ ಗೋಡೆ ನಿಲ್ಲಿಸಿ. ಹಿಂದಕ್ಕೆ ಹೋದ ಅಲೆ ಗೋಡೆಗೆ ಬಡಿದು, ತಲೆಕೆಳಗಾಗಿ ಮರಳಿ, ಮುಂದೆ ಹೋಗುವ ಅಲೆಯೊಂದಿಗೆ ಸರಿಯಾಗಿ ಕೂಡಿಕೊಳ್ಳುತ್ತದೆ. ಮುಂದಿನ ಕ್ಷೇತ್ರ 0.5 ಹೋಗಿ 1 ಆಗುತ್ತದೆ. ಗೋಡೆಯನ್ನು ಇನ್ನೊಂದು ಕಾಲು ತರಂಗಾಂತರ ಹಿಂದೆ ಸರಿಸಿ, ಅಂದರೆ ಒಟ್ಟು ಅರ್ಧ ತರಂಗಾಂತರ. ಈಗ ಮರಳಿ ಬಂದ ಅಲೆ ಮುಂದಿನದನ್ನು ಪೂರ್ತಿ ಅಳಿಸಿಹಾಕುತ್ತದೆ. ಹಾಳೆಯ ಮುಂದೆ ಕ್ಷೇತ್ರ ಸೊನ್ನೆ! ಆಂಪ್ಲಿಟ್ಯೂಡ್ ಖಾನೆಯನ್ನು ಯಾರೂ ಮುಟ್ಟಿಲ್ಲ, ಅಲ್ಲಿ ಇಂದಿಗೂ 1 ಎಂದೇ ಇದೆ.

ಕ್ಷೇತ್ರ ಹೋಗಲಿ, ಹೊರಗೆ ಹೋಗುವ ಪವರ್ ಆದರೂ ಸ್ಥಿರವಾಗಿರಬೇಕಲ್ಲವೇ ಎಂದು ಕೇಳಬಹುದು. ಅದೂ ಇಲ್ಲ. ಗೋಡೆಯಿಲ್ಲದಾಗ ಎರಡು ಬದಿಗೆ ಸೇರಿ ಹೋಗುತ್ತಿದ್ದ ಪವರಿನ ಎರಡರಷ್ಟು, ಕಾಲು ತರಂಗಾಂತರದ ಗೋಡೆ ಇದ್ದಾಗ ಒಂದೇ ಬದಿಗೆ ಹೋಗುತ್ತದೆ. ಅರ್ಧ ತರಂಗಾಂತರದ ಗೋಡೆಯಿದ್ದರೆ ಹೊರಹೋಗುವುದು ಏನೂ ಇಲ್ಲ. ಪಂಚಮಿಯ ಜೋಕಾಲಿ ತೂಗಿದವರಿಗೆ ಇದು ಹೊಸದೇನಲ್ಲ. ಕೈಯ ಬಲ ಅಷ್ಟೇ ಇದ್ದರೂ ಜೋಕಾಲಿ ಮುಂದಕ್ಕೆ ಹೊರಟಾಗ ನೂಕಿದರೆ ಜೀಕು ಏರುತ್ತದೆ, ಎದುರಿಗೆ ಬರುವಾಗ ನೂಕಿದರೆ ಇಳಿಯುತ್ತದೆ. ಕರೆಂಟು ಕ್ಷೇತ್ರಕ್ಕೆ ಕೊಡುವ ಪವರ್ ಕೂಡ ಅದು ಇರುವ ಜಾಗದಲ್ಲೇ ಆ ಕ್ಷಣಕ್ಕೆ ಕ್ಷೇತ್ರ ಹೇಗಿದೆ ಎಂಬುದರ ಮೇಲೆ ನಿಂತಿದೆ. ಆ ಕ್ಷೇತ್ರವನ್ನು ತೀರ್ಮಾನಿಸುವುದು ಸುತ್ತಲಿನ ಗೋಡೆ, ಗಾಜು, ಲೋಹ. 1946ರಲ್ಲಿ ಎಡ್ವರ್ಡ್ ಪರ್ಸೆಲ್ ಒಂದು ಪುಟ್ಟ ಟಿಪ್ಪಣಿಯಲ್ಲಿ ಇದನ್ನೇ ಹೇಳಿದ್ದ: ಅನುರಣಿಸುವ ಮಂಡಲದೊಳಗೆ ಕೂತ ಪರಮಾಣುವಿನ ನ್ಯೂಕ್ಲಿಯಸ್ ಬಯಲಿನಲ್ಲಿ ಇದ್ದಾಗಿನಂತೆ ವಿಕಿರಣ ಸೂಸುವುದಿಲ್ಲ, ಸೂಸುವ ವೇಗವೇ ಬದಲಾಗುತ್ತದೆ. ಇಂದು ಸೂಕ್ಷ್ಮ ಲೇಸರ್‌ಗಳನ್ನೂ ಒಂಟಿ ಫೋಟಾನ್ ಆಕರಗಳನ್ನೂ ವಿನ್ಯಾಸ ಮಾಡುವವರ ದಿನನಿತ್ಯದ ಲೆಕ್ಕವೇ ಇದು. ಅವರು ಹುಡುಕುವುದು ಒಂದು ಅನುಪಾತವನ್ನು: ಇಲ್ಲಿ ಸೂಸಿದ್ದೆಷ್ಟು, ಬಯಲಲ್ಲಿ ಸೂಸುತ್ತಿದ್ದದ್ದೆಷ್ಟು. ಅದಕ್ಕೆ ಪರ್ಸೆಲ್ ಗುಣಕ ಎಂದೇ ಹೆಸರು. ಅದಕ್ಕೆ ವೋಲ್ಟ್ ಇಲ್ಲ, ವ್ಯಾಟ್ ಇಲ್ಲ, ಅದನ್ನು ಅರೆಬರೆ ಉತ್ತರ ಎಂದು ಯಾರೂ ಹೀಗಳೆಯುವುದೂ ಇಲ್ಲ.

ಬಿಂದು ಸೋರ್ಸ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಒಂದೇ ಮನೆಯಲ್ಲಿ ಕೂತ ಪುಟ್ಟ ಡೈಪೋಲ್ ಇಟ್ಟು, ಅದರ ಒಟ್ಟು ಬಲ ಬದಲಾಗದಂತೆ ನೋಡಿಕೊಂಡು, ಗ್ರಿಡ್ಡಿನ ಮನೆಗಳನ್ನು ಅರ್ಧಕ್ಕೆ ಇಳಿಸಿ ಮತ್ತೆ ಓಡಿಸಿ. ಡೈಪೋಲ್ ಪಕ್ಕದ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಏರುತ್ತದೆ. ಆದ್ದರಿಂದ ಸೋರ್ಸ್ ಇರುವ ಮನೆಯಲ್ಲಿ ಸಿಗುವ ಕ್ಷೇತ್ರ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ಇನ್ನೂ ಅರ್ಧ ಮಾಡಿದರೆ ಅರವತ್ತನಾಲ್ಕು ಪಟ್ಟು. ಇದಕ್ಕೆ ಕೊನೆಯಿಲ್ಲ. ಅತ್ತ ಸುತ್ತಲೂ ಒಂದು ಡಬ್ಬಿ ಹಾಕಿ ಹೊರಹೋಗುವ ಪವರ್ ಅಳೆದರೆ ಅದು ಮಾತ್ರ ಅಲುಗುವುದಿಲ್ಲ. ಪರದೆಯ ಬಣ್ಣದ ಚಿತ್ರದಲ್ಲಿ ಎಲ್ಲಕ್ಕಿಂತ ಕೆಂಪಾಗಿ ಉರಿಯುವ ಆ ಚುಕ್ಕಿಯ ಬೆಲೆಯನ್ನು "ಗರಿಷ್ಠ ಕ್ಷೇತ್ರ" ಎಂದು ವರದಿಗೆ ಏರಿಸಿದರೆ, ನಾವು ಅಳೆದದ್ದು ನಮ್ಮ ಗ್ರಿಡ್ಡಿನ ಮನೆಯನ್ನು. ಅದರ ಮುಂದೆ ವೋಲ್ಟ್ ಪ್ರತಿ ಮೀಟರ್ ಎಂದು ಹಚ್ಚಿದ ಮಾತ್ರಕ್ಕೆ ಅದಕ್ಕೆ ಅರ್ಥ ಬಂದುಬಿಡುವುದಿಲ್ಲ. ನನ್ನ ಮುಖ್ಯ ತಕರಾರು ಇರುವುದೇ ಇಲ್ಲಿ. ಘಟಕ ಅಂಟಿದ ಸಂಖ್ಯೆಯನ್ನು ನಾವು ಬೇಗ ನಂಬುತ್ತೇವೆ.

ಸೋರ್ಸ್ ಇರುವ ಜಾಗದಲ್ಲಿ ಕ್ಷೇತ್ರ ಇಷ್ಟೇ ಇರತಕ್ಕದ್ದು ಎಂದು ಹೇರುವ ವಿಧಾನವೂ ಇದೆ, ಅದಕ್ಕೆ ಹಾರ್ಡ್ ಸೋರ್ಸ್ ಎನ್ನುತ್ತಾರೆ. 1 ಎಂದರೆ ಅಲ್ಲಿ 1 ಇರುತ್ತದೆ, ಕೇಳಿದವನಿಗೆ ಸಮಾಧಾನವಾಗುತ್ತದೆ. ಆದರೆ ಎದುರಿನಿಂದ ಪ್ರತಿಫಲಿಸಿ ಬರುವ ಅಲೆಗೆ ಆ ಜಾಗವೇ ಗೋಡೆಯಾಗಿ ನಿಲ್ಲುತ್ತದೆ. ಸಮಾಧಾನಕ್ಕೆ ತೆತ್ತ ಬೆಲೆ ದೊಡ್ಡದಾಯಿತು.

ಹಾಗಾದರೆ ಮಾಡುವುದೇನು? ಮ್ಯಾಕ್ಸ್‌ವೆಲ್ ಸಮೀಕರಣಗಳು ಸಾಮಾನ್ಯ ವಸ್ತುಗಳಲ್ಲಿ ರೇಖೀಯ. ಕರೆಂಟು ಎರಡರಷ್ಟಾದರೆ ಎಲ್ಲ ಕಡೆಯ ಕ್ಷೇತ್ರವೂ ಎರಡರಷ್ಟು, ಪವರ್ ನಾಲ್ಕರಷ್ಟು, ಯಾವ ವಿನಾಯಿತಿಯೂ ಇಲ್ಲ. ಅದಕ್ಕೇ ಕಸುಬು ಬಲ್ಲವರು ಎರಡು ಸಲ ಓಡಿಸುತ್ತಾರೆ. ಒಮ್ಮೆ ಖಾಲಿ ಜಾಗದಲ್ಲಿ, ಇನ್ನೊಮ್ಮೆ ನಡುವೆ ವಸ್ತುವನ್ನಿಟ್ಟು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಆಂಪ್ಲಿಟ್ಯೂಡ್ ಮೇಲೂ ಕೆಳಗೂ ಹೊಡೆದುಹೋಗಿ, ವಸ್ತು ಬೆಳಕನ್ನು ಎಷ್ಟು ದಾಟಿಸಿತು ಎಂಬುದಷ್ಟೇ ಉಳಿಯುತ್ತದೆ. ಗೌಸಿಯನ್ ಪಲ್ಸ್ ಬಳಸಿದಾಗ ಇದು ಇನ್ನೂ ಅಗತ್ಯ. ಏಕೆಂದರೆ ಒಂದೊಂದು ಆವೃತ್ತಿಗೂ ಸಿಗುವ ಬೆಲೆ ಕಾಲದುದ್ದಕ್ಕೂ ಕೂಡಿಸುತ್ತ ಬಂದದ್ದು. ಪಲ್ಸ್ ಉದ್ದವಾದರೆ ಅದೂ ಬದಲಾಗುತ್ತದೆ, ಅದರ ಘಟಕವೇ ಕ್ಷೇತ್ರದ್ದಲ್ಲ. ಇನ್ನೊಂದು ಅನುಕೂಲ ಈ ಸಮೀಕರಣಗಳೊಳಗೇ ಇದೆ: ಉದ್ದಗಳನ್ನೆಲ್ಲ ಎರಡರಷ್ಟು ಮಾಡಿ ಆವೃತ್ತಿಯನ್ನು ಅರ್ಧಕ್ಕಿಳಿಸಿದರೆ, ಆ ಎರಡು ಆವೃತ್ತಿಗಳಲ್ಲಿ ವಸ್ತುವಿನ ಗುಣ ಒಂದೇ ಆಗಿದ್ದರೆ, ಉತ್ತರ ಅದೇ. ಮೈಕ್ರೊವೇವ್ ಸಾಧನಕ್ಕೆ ಬರೆದ ಪ್ರೋಗ್ರಾಂ ಬೆಳಕಿನ ಚಿಪ್‌ಗೂ ಸಲ್ಲುತ್ತದೆ. ಬೆಳಕಿನ ವೇಗವನ್ನು 1 ಎಂದು ಇಟ್ಟುಕೊಂಡದ್ದರ ಹಿಂದೆ ಸೋಮಾರಿತನವಿಲ್ಲ, ಈ ಗುಣದ ಬಳಕೆಯಿದೆ.

"ಪ್ರಯೋಗಶಾಲೆಯಲ್ಲಿ ನಿಜವಾದ ವೋಲ್ಟ್ ಅಳೆಯುತ್ತಾರಲ್ಲ, ಸಿಮ್ಯುಲೇಶನ್ ಮಾತ್ರ ಯಾಕೆ ನುಣುಚಿಕೊಳ್ಳಬೇಕು?" ಎಂದು ವಾದಿಸುವವರಿದ್ದಾರೆ. ಗೌರವದಿಂದಲೇ ಕೇಳುತ್ತೇನೆ, ಪ್ರಯೋಗಶಾಲೆಯ ವೋಲ್ಟ್ ಎಲ್ಲಿಂದ ಬರುತ್ತದೆ? ನಮ್ಮ ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯವನ್ನೇ ನೋಡಿ. ಅಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಡಲು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಡೈಪೋಲ್‌ಗಳನ್ನು ಹರಡಿದ್ದರು. ಇಂಥ ದೂರದರ್ಶಕದ ಕೊನೆಯ ಯಂತ್ರ ತೋರಿಸುವುದು ಯಾವುದೋ ಒಂದು ಸಂಖ್ಯೆ. ಆಂಟೆನಾ, ಕೇಬಲ್, ಆಂಪ್ಲಿಫೈಯರ್ ಎಲ್ಲದರ ಏರಿಳಿತವೂ ಅದರೊಳಗೆ ಸೇರಿರುತ್ತದೆ. ಸಿಗ್ನಸ್ ಎ, ಕ್ಯಾಸಿಯೋಪಿಯಾ ಎ ಥರದ ಪ್ರಬಲ ಆಕರಗಳ ಕಡೆ ಒಮ್ಮೆ ನೋಡಿ, ಅವುಗಳೊಂದಿಗೆ ಹೋಲಿಸಿ ಉಳಿದ ಆಕರಗಳಿಗೆ ಜಾನ್ಸ್‌ಕಿ ಎಂಬ ಘಟಕದಲ್ಲಿ ಲೆಕ್ಕ ಕೊಡುವುದು ರೇಡಿಯೊ ಖಗೋಳದ ರೂಢಿ. ಕ್ಯಾಸಿಯೋಪಿಯಾ ಎ ವರ್ಷವರ್ಷವೂ ಚೂರು ಮಂಕಾಗುತ್ತ ಹೋಗುವುದರಿಂದ ಯಾವ ವರ್ಷದ ಕ್ಯಾಸಿಯೋಪಿಯಾ ಎಂದೂ ನಮೂದಿಸಬೇಕು. ಅಳತೆಯೂ ಹೋಲಿಕೆಯೇ. ಸಿಮ್ಯುಲೇಶನ್ ಮಾಡುವವರು ಖಾಲಿ ಜಾಗವನ್ನು ಓಡಿಸುವಾಗ ಅದೇ ಕೆಲಸ ಮಾಡುತ್ತಿರುತ್ತಾರೆ, ಅವರ ಹೋಲಿಕೆಯ ಆಕರ ಮಾತ್ರ ಮಂಕಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಗಟ್ಟಿ ವಾದವನ್ನು ಮರೆಮಾಚುವುದು ಸರಿಯಲ್ಲ. ವೋಲ್ಟ್ ಬೇಕೇಬೇಕಾದ ಸಂದರ್ಭಗಳಿವೆ. ಮನೆ ಪಕ್ಕ ಮೊಬೈಲ್ ಟವರ್ ಎದ್ದಾಗ ಬಡಾವಣೆಯವರಿಗೆ ಪರ್ಸೆಲ್ ಗುಣಕ ಹೇಳಿದರೆ ಕೇಳುತ್ತಾರೆಯೇ? 2012ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದಾಗ 900 ಮೆಗಾಹರ್ಟ್ಸ್‌ಗೆ ಬಂದದ್ದು ಚದರ ಮೀಟರಿಗೆ 0.45 ವ್ಯಾಟ್. ಕ್ಷೇತ್ರದ ಲೆಕ್ಕದಲ್ಲಿ ಅದು ಮೀಟರಿಗೆ ಸುಮಾರು 13 ವೋಲ್ಟ್. ಅದೇ ಹೊತ್ತಿಗೆ ಕೈಫೋನಿನಿಂದ ತಲೆ ಹೀರಿಕೊಳ್ಳುವ ಪವರಿಗೆ, ಅಂದರೆ ಎಸ್‌ಎಆರ್‌ಗೆ, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್ ಎಂಬ ಮಿತಿ ಬಂತು. ಇಲ್ಲಿ ಅನುಪಾತ ಸಾಲದು.

ಸಾಲದು ನಿಜ, ಆದರೆ ಇಲ್ಲೂ ವೋಲ್ಟ್ ಬರುವ ಬಾಗಿಲು ಆಂಪ್ಲಿಟ್ಯೂಡ್ ಅಲ್ಲ ಎನ್ನುವುದನ್ನು ಒಂದು ಲೆಕ್ಕ ಹಿಡಿದು ನೋಡಬಹುದು. 2ಜಿ ಕಾಲದ ಫೋನು 900 ಮೆಗಾಹರ್ಟ್ಸ್‌ನಲ್ಲಿ ಹೆಚ್ಚೆಂದರೆ 2 ವ್ಯಾಟ್ ಸೂಸುತ್ತಿತ್ತು. ಎಂಟರಲ್ಲಿ ಒಂದು ಪಾಲು ಸಮಯ ಮಾತ್ರ ಅದರ ಸರದಿಯಾದ್ದರಿಂದ ಸರಾಸರಿ 0.25 ವ್ಯಾಟ್. ಸಿಮ್ಯುಲೇಶನ್‌ನಲ್ಲಿ ಆಂಟೆನಾಗೆ ಶಿಖರಬೆಲೆ 1 ವೋಲ್ಟಿನ ಸೋರ್ಸ್ ಕೊಟ್ಟಿರಿ ಎನ್ನೋಣ. ಬಯಲಲ್ಲಿ ಆಂಟೆನಾದ ತಡೆ 50 ಓಮ್ ಇದ್ದರೆ ಒಳಹೋದ ಪವರ್ 10 ಮಿಲಿವ್ಯಾಟ್. 250 ಮಿಲಿವ್ಯಾಟಿಗೆ ಏರಿಸಲು 25ರಿಂದ ಗುಣಿಸಬೇಕು. ಈಗ ಫೋನನ್ನು ಕಿವಿಗೆ ಹಚ್ಚಿ. ತಲೆ ಎಂಬುದು ಉಪ್ಪುನೀರಿನಂಥ ವಸ್ತು, ಅದು ಪಕ್ಕ ಬಂದೊಡನೆ ಆಂಟೆನಾದ ತಡೆ ಬದಲಾಗುತ್ತದೆ. ಉದಾಹರಣೆಗೆ 30 ಓಮ್‌ಗೆ ಇಳಿಯಿತೆನ್ನಿ. ಅದೇ 1 ವೋಲ್ಟಿಗೆ ಒಳಹೋಗುವ ಪವರ್ ಸುಮಾರು 16.7 ಮಿಲಿವ್ಯಾಟ್ ಆಗುತ್ತದೆ, ಗುಣಿಸಬೇಕಾದದ್ದು 15ರಿಂದ. ಬಯಲಿನ ಲೆಕ್ಕ ಹಿಡಿದು 25ರಿಂದಲೇ ಗುಣಿಸಿದರೆ, ನಿಜಕ್ಕೆ ಕಿಲೋಗೆ 1 ವ್ಯಾಟ್ ಇರುವ ಫೋನು ವರದಿಯಲ್ಲಿ 1.67 ಆಗಿ, ಮಿತಿ ಮೀರಿ, ನಪಾಸಾಗುತ್ತದೆ. ಅದಕ್ಕೇ ಬಲ್ಲವರು ವೋಲ್ಟ್ ಎಷ್ಟು ಕೊಟ್ಟೆವು ಎಂಬುದನ್ನು ಬದಿಗಿಟ್ಟು, ತಲೆ ಇದ್ದಾಗ ಆಂಟೆನಾದೊಳಗೆ ಎಷ್ಟು ವ್ಯಾಟ್ ಹೋಯಿತು ಎಂದು ಅಳೆದು, ಅದರಿಂದ ಭಾಗಿಸಿ, ಫೋನಿನ ನಿಜವಾದ ವ್ಯಾಟಿನಿಂದ ಗುಣಿಸುತ್ತಾರೆ. ಆ 0.25 ವ್ಯಾಟ್ ಕಂಪ್ಯೂಟರಿನೊಳಗೆ ಹುಟ್ಟಿದ್ದಲ್ಲ, ಫೋನಿನ ತಾಂತ್ರಿಕ ಮಾನದಂಡದಿಂದ ಬಂದದ್ದು.

ಇದರೊಳಗೇ ಇನ್ನೊಂದು ಗುಂಡಿಯಿದೆ. ಎಸ್‌ಎಆರ್ ಸೂತ್ರದಲ್ಲಿ ಬರುವುದು ಆರ್‌ಎಂಎಸ್ ಕ್ಷೇತ್ರದ ವರ್ಗ. ತಂತ್ರಾಂಶಗಳು ಅನೇಕ ವೇಳೆ ಕೊಡುವುದು ಶಿಖರಬೆಲೆ. 900 ಮೆಗಾಹರ್ಟ್ಸ್‌ನ ಪರೀಕ್ಷೆಗೆ ಬಳಸುವ ತಲೆದ್ರವದ ವಾಹಕತೆ ಮೀಟರಿಗೆ 0.97 ಸೀಮೆನ್ಸ್. 1.6ರ ಮಿತಿಗೆ ಸರಿಯಾಗಿ ಬರುವ ಆರ್‌ಎಂಎಸ್ ಕ್ಷೇತ್ರ ಮೀಟರಿಗೆ ಸುಮಾರು 41 ವೋಲ್ಟ್, ಶಿಖರಬೆಲೆ 57. ಒಂದನ್ನು ಇನ್ನೊಂದೆಂದುಕೊಂಡರೆ ಉತ್ತರ ನೇರ ಎರಡು ಪಟ್ಟು ತಪ್ಪುತ್ತದೆ. "ಆಂಪ್ಲಿಟ್ಯೂಡ್ ತಲೆಗೆ ಹಚ್ಕೋಬೇಡ" ಎಂದು ಕಲಿತ ಹುಡುಗನಿಗೆ ಈ ಗುಂಡಿ ಕಾಣುವುದು ಬಿದ್ದ ಮೇಲೆಯೇ. ಹಿರಿಯರ ಬಗ್ಗೆ ನನ್ನ ದೂರು ಇದು: ಅವರ ಸಲಹೆ ಸರಿ, ಆದರೆ ಕಾರಣ ಬಿಟ್ಟ ಸಲಹೆ.

ಆ ಸಲಹೆ ಪೂರ್ತಿ ಸೋಲುವ ಜಾಗ ಇನ್ನೊಂದಿದೆ, ರೇಖೀಯವಲ್ಲದ ವಸ್ತು. ಬೆಳಕು ತೀವ್ರವಾದಂತೆ ಗಾಜಿನ ವಕ್ರೀಭವನ ಸೂಚ್ಯಂಕ ತುಸು ಏರುತ್ತದೆ, ಇದಕ್ಕೆ ಕೆರ್ ಪರಿಣಾಮ ಎನ್ನುತ್ತಾರೆ. ಸಾಮಾನ್ಯ ದೂರಸಂಪರ್ಕದ ಫೈಬರಿನಲ್ಲಿ 1 ವ್ಯಾಟ್ ಹರಿಸಿದರೆ ಸೂಚ್ಯಂಕದ ಏರಿಕೆ ಸಾವಿರ ಕೋಟಿಯಲ್ಲಿ ಮೂರು ನಾಲ್ಕು ಪಾಲು. ಅಷ್ಟೇ ಆದರೂ ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಅಲೆಯ ಫೇಸು ಸುಮಾರು 1.3 ರೇಡಿಯನ್ ಜಾರಿರುತ್ತದೆ. ಕಿಲೋಮೀಟರ್ ಉದ್ದದ ಫೈಬರನ್ನು ಯೀ ಗ್ರಿಡ್ಡಿನಲ್ಲಿ ಹಾಕಲು ಯಾವ ಕಂಪ್ಯೂಟರಿಗೂ ಆಗದು. ಹಾಗಾಗಿ ಇಪ್ಪತ್ತು ಮೈಕ್ರಾನಿನಲ್ಲೇ ಏನಾದರೂ ಕಾಣಲಿ ಎಂದು ಜನ ಆಂಪ್ಲಿಟ್ಯೂಡನ್ನು ಏರಿಸುತ್ತ ಹೋಗುತ್ತಾರೆ. 10, 100, ಕಡೆಗೆ ಸೂಚ್ಯಂಕ 0.01ರಷ್ಟು ಏರಿ ಚಿತ್ರ ಸೊಗಸಾಗಿ ಬರುತ್ತದೆ. ಅಷ್ಟು ಏರಿಕೆಗೆ ನಿಜವಾದ ಗಾಜಿನಲ್ಲಿ ಬೇಕಾದ ತೀವ್ರತೆ ಚದರ ಮೀಟರಿಗೆ 10ರ 17ನೇ ಘಾತದ ಮೂರು ನಾಲ್ಕು ಪಟ್ಟು ವ್ಯಾಟ್. ಫೆಮ್ಟೋಸೆಕೆಂಡ್ ಲೇಸರಿನಿಂದ ಗಾಜಿಗೆ ಶಾಶ್ವತ ಗಾಯವಾಗುವುದೂ ಇದೇ ಆಸುಪಾಸಿನಲ್ಲಿ. ಸಿಮ್ಯುಲೇಶನ್‌ನ ಗಾಜಿಗೆ ಆ ಭಯವಿಲ್ಲವಲ್ಲ.

ಈ ಸಂದರ್ಭದಲ್ಲೂ 1 ಎಂದರೆ ಎಷ್ಟು ವೋಲ್ಟ್ ಎಂದು ತಿಳಿದುಕೊಳ್ಳಬೇಕಾಗಿಲ್ಲ. ಪರಿಣಾಮ ನಿಂತಿರುವುದು ಕೆರ್ ಗುಣಾಂಕ ಮತ್ತು ಕ್ಷೇತ್ರದ ವರ್ಗ ಇವೆರಡರ ಗುಣಲಬ್ಧದ ಮೇಲೆ. ಆಂಪ್ಲಿಟ್ಯೂಡನ್ನು 1ರಲ್ಲೇ ಬಿಟ್ಟು, ಸೂಚ್ಯಂಕದ ಏರಿಕೆ ನಿಜವಾದ ಲೇಸರಿಗೆ ತಕ್ಕಷ್ಟು ಬರುವಂತೆ ಗುಣಾಂಕವನ್ನು ಆರಿಸಿಕೊಳ್ಳಬಹುದು. ಒಂದು ಪರೀಕ್ಷೆಯನ್ನು ಮಾತ್ರ ಬಿಡಬಾರದು. ಆಂಪ್ಲಿಟ್ಯೂಡ್ 1ಕ್ಕೆ ಒಮ್ಮೆ, 2ಕ್ಕೆ ಒಮ್ಮೆ ಓಡಿಸಿ, ಎರಡರಲ್ಲೂ ಬೆಳಕು ದಾಟಿದ ಅನುಪಾತವನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಕೆರ್ ಗುಣಾಂಕ ಹಾಕದೆಯೂ ಅನುಪಾತ ಬದಲಾದರೆ ಪ್ರೋಗ್ರಾಂನಲ್ಲಿ ದೋಷವಿದೆ. ಹಾಕಿದ ಮೇಲೂ ಬದಲಾಗದಿದ್ದರೆ ಆ ಗುಣಾಂಕ ಅಲ್ಲಿ ಹೆಸರಿಗಷ್ಟೇ ಇದೆ, ಮೊದಲು ಸಿಕ್ಕ ಉತ್ತರವನ್ನೇ ಇಟ್ಟುಕೊಳ್ಳಬಹುದು.